ಲಾಂಚ್ ಆಗಿದ್ದು ಯಾವ ಊರಲ್ಲಿ?

ಬಜೆಟ್ ದಿನ ನಮ್ಮಂಥವರಿಗೆ ಊಟ ಇಲ್ಲ. ಫೆಬ್ರವರಿ 1ರ ಬೆಳಗ್ಗೆ ಸ್ಟುಡಿಯೋದಲ್ಲಿ ಕೂತವನು ರಾತ್ರಿ ಹತ್ತಕ್ಕೆ ಎದ್ದೆ. ಯಾವುದು ಅಗ್ಗ, ಯಾವುದು ದುಬಾರಿ ಅಂತ ಹೇಳಿ ಹೇಳಿ ಗಂಟಲು ಕಟ್ಟಿತ್ತು. ಮಾರನೇ ದಿನ, 2021ರ ಫೆಬ್ರವರಿ 2ರ ಮಂಗಳವಾರ, ಸೋನಿ ಕಂಪನಿಯ ಪ್ಲೇಸ್ಟೇಷನ್ 5 ಭಾರತದಲ್ಲಿ ಲಾಂಚ್ ಆಯ್ತು. ನಮ್ಮ ಬುಲೆಟಿನ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಹದಿನೆಂಟು ಸೆಕೆಂಡು. ಓದಿದವನು ನಾನೇ. ಯುವಕರಲ್ಲಿ ಭಾರೀ ಕ್ರೇಜ್ ಅಂತ ಓದಿ ಮುಂದಿನ ಸುದ್ದಿಗೆ ಹೋದೆ.

ಆ ಹದಿನೆಂಟು ಸೆಕೆಂಡಲ್ಲಿ ಹೇಳೋಕಾಗದ್ದನ್ನ ಈಗ ಹೇಳ್ತೀನಿ. ಈ ವಿಷಯ ಮಾತಾಡೋಕೆ ನನಗೆ ಸ್ವಲ್ಪ ಹಕ್ಕಿದೆ. ಇಂಜಿನಿಯರಿಂಗ್ ಓದಿದ್ದೀನಿ ಅನ್ನೋದು ಚಿಕ್ಕ ಕಾರಣ. ಇಪ್ಪತ್ತೆರಡು ವರ್ಷದಿಂದ ಆಡ್ತಾ ಇದೀನಿ ಅನ್ನೋದು ದೊಡ್ಡ ಕಾರಣ. ಕೋಟು ಟೈ ಹಾಕ್ಕೊಂಡು ದೇಶದ ಸುದ್ದಿ ಹೇಳುವವನು ರಾತ್ರಿ ಮನೆಗೆ ಹೋಗಿ ವಿಡಿಯೋ ಗೇಮ್ ಆಡ್ತಾನಾ ಅಂತ ಕೆಲವರಿಗೆ ಬೇಸರ ಆಗಬಹುದು. ಆಗಲಿ ಬಿಡಿ.

ಮೊದಲು ಈ 'ಲಾಂಚ್' ಅನ್ನೋ ಮಾತನ್ನೇ ತಗೊಳ್ಳಿ. ಪ್ಲೇಸ್ಟೇಷನ್ 5 ಅಮೆರಿಕ, ಜಪಾನ್ ಸೇರಿ ಏಳು ದೇಶಗಳಲ್ಲಿ 2020ರ ನವೆಂಬರ್ 12ಕ್ಕೆ ಬಂತು. ಯುರೋಪು ಮತ್ತು ಉಳಿದ ಹಲವು ದೇಶಗಳಿಗೆ ನವೆಂಬರ್ 19. ನಮಗೆ ಫೆಬ್ರವರಿ 2. ಅದಕ್ಕೂ ಮೊದಲು ಜನವರಿ 12ರ ಮಧ್ಯಾಹ್ನ ಮುಂಗಡ ಬುಕಿಂಗ್ ತೆರೆದರು. ನಿಮಿಷಗಳಲ್ಲಿ ಖಾಲಿ! ಎರಡು ಸುದ್ದಿಗಳ ನಡುವಿನ ಜಾಹೀರಾತು ಬಿಡುವಿನಲ್ಲಿ ನಾನೂ ಮೇಜಿನ ಕೆಳಗೆ ಮೊಬೈಲ್ ಹಿಡಿದು ಪ್ರಯತ್ನ ಮಾಡಿದೆ. ಪುಟ ಸುತ್ತುತ್ತಾನೇ ಇತ್ತು. ಬಿಡುವು ಮುಗೀತು, ಕ್ಯಾಮೆರಾ ನೋಡಿ ನಕ್ಕೆ, ಸುದ್ದಿ ಓದಿದೆ. ಆಮೇಲೆ ನೋಡಿದರೆ 'ಸ್ಟಾಕ್ ಇಲ್ಲ'.

ಹಾಗಾದರೆ ಲಾಂಚ್ ಆಗಿದ್ದು ಎಲ್ಲಿ? ಕಂಪನಿಗಳ ಪ್ರಕಾರ ಈ ಪೆಟ್ಟಿಗೆಗಳ ಇತಿಹಾಸಕ್ಕೆ ಒಂದು ಕ್ಯಾಲೆಂಡರ್ ಇದೆ. ಅದರಲ್ಲಿ ಟೋಕಿಯೋ, ನ್ಯೂಯಾರ್ಕ್, ಕೊನೆಗೆ ದೆಹಲಿ, ಮುಂಬೈ. ನನ್ನೂರು ರಾಮನಾಥಪುರ ಆ ಕ್ಯಾಲೆಂಡರ್‌ನಲ್ಲಿ ಎಲ್ಲೂ ಇಲ್ಲ. ಅರಕಲಗೂಡು ತಾಲ್ಲೂಕು, ಕಾವೇರಿ ದಡ, ರಾಮೇಶ್ವರನ ಗುಡಿ, ಸುಬ್ರಹ್ಮಣ್ಯನ ಗುಡಿ, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ. ಆದರೆ ವಿಡಿಯೋ ಗೇಮ್ ಅಲ್ಲಿಗೂ ಬಂದಿತ್ತು. ಹೇಗೆ ಬಂತು ಅನ್ನೋದೇ ನಾನು ಹೇಳಬೇಕಾದ ಕಥೆ.

1983ರ ಜುಲೈ 15. ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಅನ್ನೋ ಪೆಟ್ಟಿಗೆ ಬಿಡುಗಡೆ ಮಾಡಿತು. ಬೆಲೆ 14,800 ಯೆನ್. ಅದರ ವಿನ್ಯಾಸದ ಹೊಣೆ ಹೊತ್ತವರು ಮಸಾಯುಕಿ ಉಯೆಮುರಾ ಅನ್ನುವ ಎಂಜಿನಿಯರ್. ಅಗ್ಗವಾಗಿರಬೇಕು, ಆದರೆ ಬೇರೆಯವರಿಗಿಂತ ಚೆನ್ನಾಗಿರಬೇಕು ಅನ್ನೋದು ಅವರಿಗೆ ಬಂದ ಆಜ್ಞೆ. ಒಳಗಿದ್ದದ್ದು 6502 ಅನ್ನೋ ಹಳೇ ಪ್ರೊಸೆಸರ್ ಆಧಾರದ ಒಂದು ಚಿಪ್, ಕೆಲಸಕ್ಕೆ 2 ಕೆಬಿ ಮೆಮೊರಿ. ಮಾರಿಯೋ ಆಟ ಪೂರ್ತಿ ಸೇರಿ 40 ಕೆಬಿ. ಇವತ್ತು ವಾಟ್ಸಾಪಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದಿರುತ್ತೆ! ಪ್ಲೇಸ್ಟೇಷನ್ 5ರಲ್ಲಿ 16 ಜಿಬಿ ಮೆಮೊರಿ. ಕುತೂಹಲಕ್ಕೆ ಭಾಗಿಸಿ ನೋಡಿದೆ: 83,88,608 ಪಟ್ಟು. ಹತ್ತಿರ ಹತ್ತಿರ ಎಂಬತ್ನಾಲ್ಕು ಲಕ್ಷ. ನಮ್ಮ ಅಜ್ಜಿ ಇದ್ದಿದ್ದರೆ, ಅಷ್ಟು ಜನ್ಮ ಎತ್ತಿದ ಮೇಲೆ ಮನುಷ್ಯ ಜನ್ಮ ಸಿಗೋದು ಕಣಪ್ಪ ಅಂತಿದ್ದರು.

ಆ ಫ್ಯಾಮಿಕಾಮ್ ನೆಟ್ಟಗೆ ನಮ್ಮಲ್ಲಿಗೆ ಬರಲಿಲ್ಲ. ಆಗಿನ ಭಾರತದಲ್ಲಿ ಲೈಸೆನ್ಸು, ಸುಂಕ, ಕೋಟಾ. ಬಣ್ಣದ ಟಿವಿ ಬಂದದ್ದೇ 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ. 1991ರ ಉದಾರೀಕರಣದ ಆಜುಬಾಜಿನಲ್ಲಿ ಸಮುರಾಯ್ ಅನ್ನೋ ಹೆಸರಿನ ಟಿವಿ ಗೇಮ್ ದೊಡ್ಡ ಊರುಗಳ ಅಂಗಡಿಗಳಲ್ಲಿ ಕಾಣಿಸಿತು. ಉಳ್ಳವರ ಮಕ್ಕಳಿಗೆ ಅದು. ನಮಗೆ ದಾರಿ ಮಾಡಿಕೊಟ್ಟಿದ್ದು ತೈವಾನ್. ಅಲ್ಲಿನ ಕಾರ್ಖಾನೆಗಳು ಫ್ಯಾಮಿಕಾಮ್‌ನ ಚಿಪ್‌ಗಳನ್ನ ನಕಲು ಮಾಡಿದವು. ಕಾಲಕ್ರಮದಲ್ಲಿ ಪ್ರೊಸೆಸರ್, ಚಿತ್ರ ಬರೆಯೋ ಚಿಪ್, ಎಲ್ಲವನ್ನೂ ಒಂದೇ ಸಿಲಿಕಾನ್ ಚೂರಿಗೆ ಇಳಿಸಿದವು. ಕಂಪನಿ ಹೆಸರಿಲ್ಲ, ನಂಬರ್ ಇಲ್ಲ, ಮೇಲೆ ಒಂದು ಕಪ್ಪು ಅಂಟಿನ ತೊಟ್ಟು ಅಷ್ಟೇ. ಅದು ಚೀನಾದಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂತು, ಯಾವ್ಯಾವುದೋ ಬಂದರಿನಲ್ಲಿ ಇಳಿದು, ಬೆಂಗಳೂರಿನ ಎಸ್.ಪಿ. ರಸ್ತೆ, ನ್ಯಾಷನಲ್ ಮಾರ್ಕೆಟ್ ಅಂಥ ಕಡೆ ಹಾದು, ಅಲ್ಲಿಂದ ಜಾತ್ರೆ ವ್ಯಾಪಾರಿಗಳ ಗಂಟಿಗೆ ಬಿತ್ತು.

1998ರ ಷಷ್ಠಿ ಜಾತ್ರೆ. ನನಗೆ ಹತ್ತು ವರ್ಷ. ಬಳೆ ಅಂಗಡಿ, ಮಿಠಾಯಿ ಅಂಗಡಿ ಆದ ಮೇಲೆ ಒಂದು ಟಾರ್ಪಾಲಿನ ಕೆಳಗೆ ಹದಿನಾಲ್ಕು ಇಂಚಿನ ಟಿವಿ. ಅದರಲ್ಲಿ ಇಬ್ಬರು ಸೈನಿಕರು ಕಾಡಲ್ಲಿ ಓಡ್ತಾ ಗುಂಡು ಹೊಡೀತಿದ್ದರು. ಕಾಂಟ್ರಾ! ನಾನು ಅಲ್ಲಿಂದ ಕದಲಲಿಲ್ಲ. ಆ ಸಲ ಹೊಗೆಸೊಪ್ಪಿಗೆ ರೇಟು ಪರವಾಗಿರಲಿಲ್ಲ, ಅಪ್ಪನ ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಅಂಗಡಿಯವನು ಆರುನೂರೈವತ್ತು ಅಂದ. ಅಪ್ಪ ಮೂರು ಸಲ ಎದ್ದು ಹೋಗೋ ಹಾಗೆ ಮಾಡಿ ನಾನೂರ ಎಂಬತ್ತಕ್ಕೆ ಇಳಿಸಿದರು. ಎರಡು ಜಾಯ್‌ಸ್ಟಿಕ್, ಒಂದು ಗನ್ನು, ಒಂದು ಹಳದಿ ಕ್ಯಾಸೆಟ್ಟು. ದಾರಿಯುದ್ದಕ್ಕೂ ಒಂದೇ ಮಾತು:

"ಎರಡು ಮೂಟೆ ಯೂರಿಯಾಕ್ಕಿಂತ ಜಾಸ್ತಿ ಆಯ್ತಲ್ಲಾ ಮಗ. ಇದು ಎಷ್ಟು ದಿನ ಬಾಳಿಕೆ ಬಂದದು?"

ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಬರೆದಿತ್ತು. ಒಳಗೆ ಏಳೋ ಎಂಟೋ ಆಟ. ಅವನ್ನೇ ಬೇರೆ ಬೇರೆ ಹಂತದಿಂದ ಶುರು ಮಾಡಿ ಬೇರೆ ಬೇರೆ ಹೆಸರು ಕೊಟ್ಟಿದ್ದರು. ಮೋಸ ಅಂತ ನಮಗೆ ಅನ್ನಿಸಲೇ ಇಲ್ಲ. ಮಾರಿಯೋ, ರೋಡ್ ಫೈಟರ್, ಸರ್ಕಸ್ಸು, ಬಾತುಕೋಳಿ ಹೊಡೆಯೋದು. ಕಾಂಟ್ರಾದಲ್ಲಿ ಮೂವತ್ತು ಜೀವ. ನಮ್ಮ ಬೀದಿಯ ಹುಡುಗರೆಲ್ಲ ನಡುಮನೆಯಲ್ಲಿ. ಒಬ್ಬ ಸತ್ತರೆ ಜಾಯ್‌ಸ್ಟಿಕ್ ಪಕ್ಕದವನ ಕೈಗೆ. ಕರೆಂಟ್ ಹೋದರೆ ಎಲ್ಲರೂ ಒಟ್ಟಿಗೆ ಸತ್ತ ಹಾಗೆ, ಯಾಕೆಂದರೆ ಆಟವನ್ನ ಸೇವ್ ಮಾಡೋ ವ್ಯವಸ್ಥೆ ಇರಲಿಲ್ಲ. ಮತ್ತೆ ಒಂದನೇ ಹಂತದಿಂದ. ರಾಮನಾಥಪುರದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಸುಬ್ರಹ್ಮಣ್ಯನಿಗೂ ಗೊತ್ತಿರಲಿಲ್ಲ. ಕಾಂಟ್ರಾ ಕೊನೇ ಹಂತ ಮುಗಿಸಿದ್ದು ಒಂದೂವರೆ ವರ್ಷದ ಮೇಲೆ, ಅದೂ ಮುಗಿಸಿದವನು ನಾನಲ್ಲ, ಎದುರುಮನೆ ಹುಡುಗ.

ನಕಲಿ ಮಾಲು ಸರಿ ಅಂತ ವಾದ ಮಾಡ್ತಾ ಇಲ್ಲ. ಆದರೆ ಇತಿಹಾಸ ಬರೆಯುವಾಗ ಇದನ್ನ ಬಿಟ್ಟರೆ ನಮ್ಮ ಕಡೆ ಬರೆಯೋಕೆ ಏನೂ ಉಳಿಯೋದಿಲ್ಲ. ಜಪಾನಿನಿಂದ ನನ್ನ ನಡುಮನೆಗೆ ಆ ಯಂತ್ರ ಬರೋಕೆ ಹದಿನೈದು ವರ್ಷ ಹಿಡೀತು. ನಮ್ಮ ಪಾಲಿಗೆ ಅದು 1998ರಲ್ಲೇ ಲಾಂಚ್ ಆಗಿದ್ದು.

ಹೈಸ್ಕೂಲಿಗೆ ಬರೋ ಹೊತ್ತಿಗೆ ಹಾಸನದಲ್ಲಿ ಗೇಮ್ ಪಾರ್ಲರ್‌ಗಳು ಶುರುವಾಗಿದ್ದವು. ಗಂಟೆಗೆ ಹದಿನೈದು ರೂಪಾಯಿ. ಅಲ್ಲಿದ್ದದ್ದು ಮೊದಲ ಪ್ಲೇಸ್ಟೇಷನ್, ಅಂದರೆ 1994ರ ಡಿಸೆಂಬರ್ 3ಕ್ಕೆ ಜಪಾನಲ್ಲಿ ಬಂದದ್ದು. ಟೆಕ್ಕನ್ 3 ಆಡೋಕೆ ಸರದಿ ನಿಲ್ತಿದ್ದೆವು. ಅಲ್ಲಿನ ಡಿಸ್ಕ್‌ಗಳೆಲ್ಲ ಸುಟ್ಟ ಸಿಡಿಗಳೇ. ಆದರೆ ಸೋನಿಯವರು ನಕಲಿ ಸಿಡಿ ಓಡಬಾರದು ಅಂತ ಒಂದು ಬೀಗ ಹಾಕಿದ್ದರಲ್ಲ, ಅದನ್ನ ತೆಗೆದಿದ್ದು ಹೇಗೆ? ಇದು ನನಗೆ ಇಂಜಿನಿಯರಿಂಗ್ ಸೇರಿದ ಮೇಲೆ ಗೊತ್ತಾಗಿದ್ದು, ಇವತ್ತಿಗೂ ಸೋಜಿಗ.

ಅಸಲಿ ಡಿಸ್ಕ್‌ನ ಒಳಭಾಗದ ಗೆರೆ ನೆಟ್ಟಗಿರೋದಿಲ್ಲ. ಬೇಕಂತಲೇ ಸೂಕ್ಷ್ಮವಾಗಿ ನಡುಗಿಸಿರ್ತಾರೆ. ಆ ನಡುಕದಲ್ಲೇ ನಾಲ್ಕು ಅಕ್ಷರದ ಗುಟ್ಟಿನ ಮಾತು ಅಡಗಿರುತ್ತೆ. ಮನೆಯ ಸಿಡಿ ರೈಟರ್‌ಗೆ ಆ ನಡುಕ ಬರೆಯೋಕೆ ಬರೋದಿಲ್ಲ. ಹಾಗಾಗಿ ಪಾರ್ಲರಿನವರು ಪೆಟ್ಟಿಗೆ ಬಿಚ್ಚಿ ಎಂಟು ಕಾಲಿನ ಒಂದು ಚಿಕ್ಕ ಚಿಪ್ ಬೆಸುಗೆ ಹಾಕಿಸ್ತಿದ್ದರು. ಡಿಸ್ಕ್ ಹೇಳದ ಮಾತನ್ನ ಆ ಚಿಪ್ಪೇ ಹೇಳೋದು. ಪೆಟ್ಟಿಗೆ ನಂಬೋದು. ಆ ಗುಟ್ಟಿನ ಮಾತಿನಲ್ಲಿ ಮೂರು ಬಗೆ ಇತ್ತು. ಜಪಾನಿಗೆ ಒಂದು, ಅಮೆರಿಕಕ್ಕೆ ಒಂದು, ಯುರೋಪಿಗೆ ಒಂದು. ಭಾರತಕ್ಕೆ ಅಂತ ಒಂದು ಅಕ್ಷರ ಇರಲಿಲ್ಲ! ಜಗತ್ತನ್ನ ಅವರು ಹಂಚಿಕೊಂಡಾಗ ನಾವು ಲೆಕ್ಕಕ್ಕೇ ಇರಲಿಲ್ಲ. ಪೆಟ್ಟಿಗೆಯ ದೃಷ್ಟಿಯಲ್ಲಿ ಹಾಸನ ಬಸ್ ಸ್ಟ್ಯಾಂಡು ಯುರೋಪಿನಲ್ಲಿತ್ತು.

ಅಧಿಕೃತ ಕಾಲ ಶುರುವಾಗಿದ್ದು ಆಮೇಲೆ. 2006ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ತಂತು. ಪ್ರಚಾರಕ್ಕೆ ಅಕ್ಷಯ್ ಕುಮಾರ್ ಮತ್ತು ಯುವರಾಜ್ ಸಿಂಗ್. ಅಮೆರಿಕದಲ್ಲಿ ಬಂದು ಹತ್ತು ತಿಂಗಳಾಗಿತ್ತು. 2007ರ ಏಪ್ರಿಲ್‌ನಲ್ಲಿ ಪ್ಲೇಸ್ಟೇಷನ್ 3, ಬೆಲೆ 39,990. ಐದು ತಿಂಗಳು ತಡ. 2014ರ ಜನವರಿಯಲ್ಲಿ ಪ್ಲೇಸ್ಟೇಷನ್ 4, ಬೆಲೆ ಮತ್ತೆ 39,990, ಎರಡು ತಿಂಗಳೂ ತಡ ಇಲ್ಲ. ಪರವಾಗಿಲ್ಲ, ಅಂತರ ಕಮ್ಮಿ ಆಗ್ತಿದೆ ಅಂದುಕೊಂಡೆವು. 2021ರಲ್ಲಿ ಪ್ಲೇಸ್ಟೇಷನ್ 5 ಎರಡೂವರೆ ತಿಂಗಳು. ಮಧ್ಯೆ 2009ರಲ್ಲಿ ಹೈದರಾಬಾದಿನ ಒಂದು ಕಂಪನಿ ಪ್ಲೇಸ್ಟೇಷನ್ 2ಕ್ಕೆ ಹನುಮಾನ್ ಮೇಲೆ ಆಟ ಮಾಡಿತ್ತು. ಪೂರ್ತಿಯಾಗಿ ಭಾರತದಲ್ಲೇ ತಯಾರಾದ ಕನ್ಸೋಲ್ ಆಟ ಅಂತ ದೊಡ್ಡ ಸುದ್ದಿ. ಬಹಳ ಆಸೆಯಿಂದ ಆಡಿದೆ. ಆಟ ಚೆನ್ನಾಗಿರಲಿಲ್ಲ. ಹನುಮಂತ ಹಾರಿದರೆ ಎಲ್ಲಿ ಬೀಳ್ತಾನೆ ಅಂತ ಅವನಿಗೇ ಗೊತ್ತಾಗ್ತಿರಲಿಲ್ಲ.

ಈಗ ಬೆಲೆಗೆ ಬನ್ನಿ. ಲಾಂಚ್ ಆದಾಗ 49,990 ರೂಪಾಯಿ. ಗೇಮರ್‌ಗಳು ಸೋನಿಯನ್ನ ಬೈತಾ ಇದ್ದರು. ನಾನು ಬಜೆಟ್ ಓದಿದವನು, ಒಂದು ಒರಟು ಲೆಕ್ಕ ಮಾಡ್ತೀನಿ. ಆಗ ಅಮೆರಿಕದಲ್ಲಿ 499 ಡಾಲರ್. ಡಾಲರಿಗೆ ಆಗಿನ 73 ಅಂದರೆ 36,400 ಚಿಲ್ಲರೆ. 2018ರ ಬಜೆಟ್‌ನಲ್ಲಿ ಇಂಥ ಪೆಟ್ಟಿಗೆಗಳ ಆಮದು ಸುಂಕವನ್ನ ಶೇ 10ರಿಂದ 20ಕ್ಕೆ ಏರಿಸಿದ್ದಾರೆ. ಅದು ಸೇರಿದರೆ 43,700. ಅದರ ಮೇಲೆ ಜಿಎಸ್‌ಟಿ ಶೇ 18, ಮೊದಲು 28 ಇತ್ತು, 2019ರ ಜನವರಿಯಿಂದ ಇಳಿಸಿದರು. ಒಟ್ಟು ಐವತ್ತೊಂದೂವರೆ ಸಾವಿರ. ಸುಂಕ ಬೀಳೋದು ಅಲ್ಲಿನ ಅಂಗಡಿ ಬೆಲೆ ಮೇಲಲ್ಲ, ಹಾಗಾಗಿ ಇದು ಕಟ್ಟುನಿಟ್ಟಾದ ಲೆಕ್ಕ ಅಲ್ಲ. ಆದರೂ ಪೆಟ್ಟಿಗೆಯ ಬೆಲೆಗೆ ಸೋನಿಯನ್ನ ಬೈಯೋದು ಪೂರ್ತಿ ನ್ಯಾಯ ಅಲ್ಲ ಅನ್ನೋಕೆ ಸಾಕು. ಬೈಯೋದಿದ್ದರೆ ಆಟಗಳ ಬೆಲೆಗೆ ಬೈಯಿರಿ. ಆಗ ಹೊಸ ಆಟ ಒಂದಕ್ಕೆ 4,999! ಹತ್ತು ಆಟಕ್ಕೆ ಇನ್ನೊಂದು ಪೆಟ್ಟಿಗೆಯ ದುಡ್ಡು.

ನನ್ನ ನಿಜವಾದ ತಕರಾರು ಬೇರೆ ಇದೆ. ಡಿಸ್ಕ್ ಹಾಕೋ ಜಾಗವೇ ಇಲ್ಲದ ಡಿಜಿಟಲ್ ಮಾದರಿಗೆ ಆಗ 39,990 ಅಂತ ಬೆಲೆ ಹೇಳಿದ್ದರು. ಹತ್ತು ಸಾವಿರ ಉಳಿತಾಯ, ಒಳ್ಳೇದಲ್ವಾ? ಅಲ್ಲ. ನಾವು ಬೆಳೆದದ್ದೇ ಕ್ಯಾಸೆಟ್ ಬದಲಾಯಿಸಿಕೊಂಡು. ಹತ್ತು ರೂಪಾಯಿ ಕೊಟ್ಟು ಹಳೇ ಕ್ಯಾಸೆಟ್ ಕೊಟ್ಟರೆ ಬೇರೆಯದು ಸಿಗ್ತಿತ್ತು. ಇವತ್ತಿಗೂ ಹಳೇ ಡಿಸ್ಕ್ ಮಾರಿ ಹೊಸದು ಕೊಳ್ಳೋ ಹುಡುಗರು ಎಷ್ಟೋ ಜನ. ಡಿಜಿಟಲ್ ಮಾದರಿಯಲ್ಲಿ ಕೊಂಡ ಆಟವನ್ನ ಮಾರೋ ಹಾಗಿಲ್ಲ, ಗೆಳೆಯನ ಕೈಗೆ ಕೊಡೋ ಹಾಗಿಲ್ಲ. ಇನ್ನು ಇಳಿಸಿಕೊಳ್ಳೋ ಮಾತು. ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಪ್ಯಾಕ್ ನಂಬಿಕೊಂಡ ಮನೆಯಲ್ಲಿ 50 ಜಿಬಿಯ ಆಟ ಇಳಿಯೋಕೆ ಮೂವತ್ನಾಲ್ಕು ದಿನ ಬೇಕು, ಅಷ್ಟು ದಿನ ಮನೆಯಲ್ಲಿ ಯಾರೂ ಒಂದು ವಿಡಿಯೋ ನೋಡದೇ ಇದ್ದರೆ. ಅಗ್ಗದ ಮಾದರಿ ಅನ್ನೋದು ಬೆಂಗಳೂರಿನ ಫೈಬರ್ ಮನೆಗೆ ಅಗ್ಗ. ನಮ್ಮೂರಿಗೆ ಅದೇ ದುಬಾರಿ.

ಹಾಗಂತ ಪೆಟ್ಟಿಗೆ ಕೆಟ್ಟದ್ದಾ? ಖಂಡಿತ ಅಲ್ಲ. ಅದೃಷ್ಟ ಕುದುರಿದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎರಡು ಗಂಟೆ ಆಡಿದೆ. ನೋಡೋಕೆ ಕೋಟಿನ ಕಾಲರ್ ಎತ್ತಿ ನಿಂತ ಬಿಳೀ ಗೋಪುರ, ನಾಲ್ಕೂವರೆ ಕೆಜಿ ಭಾರ, ಟಿವಿ ಸ್ಟ್ಯಾಂಡಿನಲ್ಲಿ ಹಿಡಿಸೋದೇ ಕಷ್ಟ. ಆದರೆ ಅದರ ಕಂಟ್ರೋಲರ್ ಇದೆಯಲ್ಲ, ಅದು ಬೇರೆಯೇ ವಸ್ತು. ಜೊತೆಗೆ ಪುಕ್ಕಟೆ ಬರೋ ಆಸ್ಟ್ರೋ ಆಟದಲ್ಲಿ ಗೊಂಬೆ ಮರಳ ಮೇಲೆ ನಡೆದರೆ ಅಂಗೈಗೆ ಮರಳು ಗೊತ್ತಾಗುತ್ತೆ. ಮಳೆ ಬಿದ್ದರೆ ಹನಿ ಹನಿಯಾಗಿ ಬೆರಳಿಗೆ ತಾಕುತ್ತೆ. ಹಳೇ ಪೆಟ್ಟಿಗೆಗಳು ಬರೀ ಗಡಗಡ ಅಂತಿದ್ದವು. ಇದು ಮೆಲ್ಲಗೆ ಮಾತಾಡುತ್ತೆ. ಆಟ ತೆರೆಯೋಕೆ ಕಾಯೋ ಮಾತೇ ಇಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಭಾಷೆಗಳ ಪಟ್ಟಿ ನೋಡಿದೆ, ಚಾಳಿ. ಕನ್ನಡ ಇರಲಿಲ್ಲ.

ಆದರೆ ಕನ್ನಡದ ನೆಲದ ಬೆವರು ಈ ಆಟಗಳ ಒಳಗಿದೆ. ನಾನು ಜಾತ್ರೆಯಲ್ಲಿ ಬಾಯಿ ಬಿಟ್ಕೊಂಡು ನಿಂತಿದ್ದಕ್ಕೆ ಒಂದು ವರ್ಷ ಮೊದಲು, 1997ರಲ್ಲಿ, ರಾಜೇಶ್ ರಾವ್ ಅನ್ನೋರು ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಅನ್ನೋ ಸ್ಟುಡಿಯೋ ಶುರು ಮಾಡಿದರು. ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಅದು ಒಂದು. ಫ್ರಾನ್ಸಿನ ಕಂಪನಿಗೆ ಕೆಲಸ ಮಾಡಿಕೊಡೋದರಿಂದ ಶುರುವಾಗಿ, ಮುಂದೆ ಫೋರ್ಜಾ ಹೊರೈಜನ್‌ನಂಥ ಜಗತ್ಪ್ರಸಿದ್ಧ ಆಟಗಳಿಗೆ ಚಿತ್ರಕೆಲಸ ಮಾಡಿತು. 2019ರಲ್ಲಿ ಜಿಟಿಎ ಆಟ ಮಾಡೋ ರಾಕ್‌ಸ್ಟಾರ್ ಕಂಪನಿ ಅದನ್ನ ಸುಮಾರು 79 ಲಕ್ಷ ಡಾಲರಿಗೆ ಕೊಂಡಿತು. ನನ್ನ ಕಾಲೇಜಿನ ಗೆಳೆಯನೊಬ್ಬ ಇಂಥದ್ದೇ ಕೆಲಸ ಮಾಡ್ತಾನೆ. ವರ್ಷಗಟ್ಟಲೆ ಅಮೆರಿಕದ ಗೋಡೆ, ಅಮೆರಿಕದ ಕಸದ ತೊಟ್ಟಿ, ಅಮೆರಿಕದ ಬೀದಿ ದೀಪ ಬರೆದಿದ್ದಾನೆ. ಅಮೆರಿಕ ನೋಡಿಲ್ಲ. ಅವನು ಬರೆದ ಗೋಡೆ ಟೋಕಿಯೋದಲ್ಲಿ ಮೊದಲ ದಿನವೇ ಲಾಂಚ್ ಆಗುತ್ತೆ, ಅವನ ತಮ್ಮ ಹೊಳೆನರಸೀಪುರದಲ್ಲಿ ಆಡೋಕೆ ಇನ್ನೂ ಎಷ್ಟು ವರ್ಷ ಬೇಕೋ.

ಇಲ್ಲಿ ನಾನೊಂದು ಒಪ್ಪಿಕೊಳ್ಳಬೇಕು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್ ನಿಷೇಧ ಮಾಡಿದಾಗ ಆ ಸುದ್ದಿ ಓದಿದವನೂ ನಾನೇ. ನಿಷೇಧಕ್ಕೆ ಕಾರಣ ದೇಶದ ಭದ್ರತೆ. ಆದರೆ ನಾನು ಓದಿದ್ದು "ಮಕ್ಕಳ ಬಾಳಿಗೆ ಕೊಳ್ಳಿ ಇಟ್ಟ ಆಟ" ಅಂತ. ಹಿಂದೆ ಕೆಂಪು ಬಣ್ಣ, ಢಂ ಅನ್ನೋ ಸಂಗೀತ. ಆವತ್ತು ರಾತ್ರಿ ಅಪ್ಪ ಫೋನ್ ಮಾಡಿದರು.

"ಏನ್ಲಾ, ಗೇಮು ಆಡೋರೆಲ್ಲ ಹಾಳಾದ್ರು ಅಂತ ಓದ್ತಿದ್ದೆ. ನೀನು ಹಾಳಾದೇನ್ಲಾ?"

ನನಗೆ ಉತ್ತರ ಹೊಳೆಯಲಿಲ್ಲ. ಚಟ ಅನ್ನೋದು ನಿಜ, ಅದರಿಂದ ನೊಂದ ಮನೆಗಳೂ ನಿಜ. ಆದರೆ ಆ ಹುಡುಗರು ಎಲ್ಲ ಬಿಟ್ಟು ಮೊಬೈಲಿಗೇ ಯಾಕೆ ಬಂದರು ಅಂತ ನಾನು ಒಂದು ಸಾಲೂ ಓದಲಿಲ್ಲ. ಪಬ್‌ಜಿ ಪುಕ್ಕಟೆ ಇತ್ತು, ಮನೆಯಲ್ಲಿದ್ದ ಫೋನಿನಲ್ಲೇ ಓಡ್ತಿತ್ತು, ನಾಲ್ಕು ಜನ ಸೇರಿ ಆಡಬಹುದಿತ್ತು. ನಮ್ಮ ನಡುಮನೆಯ ಕಾಂಟ್ರಾ ಇದ್ದ ಹಾಗೆ. ಐವತ್ತು ಸಾವಿರದ ಪೆಟ್ಟಿಗೆ ಕೊಳ್ಳಲಾರದವರು ಇದ್ದದ್ದರಲ್ಲೇ ದಾರಿ ಹುಡುಕಿಕೊಂಡರು, ನಾವು ಕಪ್ಪು ಅಂಟಿನ ಚಿಪ್ಪಲ್ಲಿ ಹುಡುಕಿಕೊಂಡ ಹಾಗೆ. ಅದಕ್ಕೆ ಬದಲಿ ಅಂತ ಬೆಂಗಳೂರಿನ ಎನ್‌ಕೋರ್ ಕಂಪನಿಯ ಫೌ-ಜಿ 2021ರ ಜನವರಿ 26ಕ್ಕೆ ಬಂತು. ಮತ್ತೆ ಅಕ್ಷಯ್ ಕುಮಾರ್! ಗಲ್ವಾನ್ ಕಣಿವೆ, ದೇಶಭಕ್ತಿ, ಎಲ್ಲ ಇತ್ತು. ಆಡಿ ನೋಡಿದೆ. ಆಗ ಬರೀ ಕೈ ಕೈ ಮಿಲಾಯಿಸೋದು, ಗೆಳೆಯರ ಜೊತೆ ಸೇರಿ ಆಡೋ ಹಾಗಿರಲಿಲ್ಲ. ಜೊತೆಗಾರರಿಲ್ಲದ ಆಟ ಕೊಟ್ಟು ಪಬ್‌ಜಿ ಮರೀರಿ ಅಂದರೆ ಹುಡುಗರು ಮರೀತಾರಾ?

ಲಾಂಚ್ ಆದ ವಾರಾಂತ್ಯ ಊರಿಗೆ ಹೋಗಿದ್ದೆ. ಹೊಸ ಪೆಟ್ಟಿಗೆ ಬೆಲೆ ಎಷ್ಟು ಅಂತ ಅಪ್ಪ ಕೇಳಿದರು. ಹೇಳಿದೆ. ಗದ್ದೆಗೆ ತಂದಿಟ್ಟ ಯೂರಿಯಾ ಮೂಟೆ ಕಡೆ ಕತ್ತು ತಿರುಗಿಸಿ, "ಎಷ್ಟು ಮೂಟೆ ಆಯ್ತದೆ?" ಅಂದರು. ಮೂಟೆಗೆ 266 ರೂಪಾಯಿ 50 ಪೈಸೆ. ಮೊಬೈಲಲ್ಲೇ ಭಾಗಿಸಿದೆ. ನೂರ ಎಂಬತ್ತೇಳು. ಅಪ್ಪ ಏನೂ ಅನ್ನಲಿಲ್ಲ. ಎದ್ದು ಅಟ್ಟಕ್ಕೆ ಏಣಿ ಇಟ್ಟು, ಧೂಳು ಹಿಡಿದ ಒಂದು ಗೋಣಿಚೀಲ ಇಳಿಸಿದರು. ಒಳಗೆ ಹಳದಿಗೆ ತಿರುಗಿದ ನಮ್ಮ ಪೆಟ್ಟಿಗೆ, ಗನ್ನು, ಕ್ಯಾಸೆಟ್ಟು.

ಹೊಸ ಎಲ್‌ಇಡಿ ಟಿವಿಯ ಹಿಂದೆ ಹಳದಿ ಬಿಳಿ ಪಿನ್ ಸಿಕ್ಕಿಸಿದೆ. ಬಂತು! ಅಣ್ಣನ ಮಗನಿಗೆ ಒಂಬತ್ತು ವರ್ಷ, ಗನ್ನು ಅವನ ಕೈಗೆ ಹೋಯ್ತು.

"ಚಿಕ್ಕಪ್ಪ, ಇದು ಯಾವಾಗ ಲಾಂಚ್ ಆಗಿದ್ದು?"

"ಜಪಾನಲ್ಲಿ ಎಂಬತ್ಮೂರು. ನಮ್ಮನೇಲಿ ತೊಂಬತ್ತೆಂಟು."

ಬಾತುಕೋಳಿಗೆ ಗುರಿಯಿಟ್ಟು ಒತ್ತಿದ. ಬೀಳಲಿಲ್ಲ. ಮತ್ತೆ ಒತ್ತಿದ. ಬೀಳಲಿಲ್ಲ. ನನಗೆ ಆಗ ನೆನಪಾಯ್ತು. ಆ ಗನ್ನು ಗುಂಡು ಹೊಡೆಯೋದಿಲ್ಲ, ಬೆಳಕು ನೋಡುತ್ತೆ. ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿನುಗುತ್ತೆ. ಗನ್ನಿನ ಕಣ್ಣಿಗೆ ಆ ಬಿಳಿ ಕಂಡರೆ ಹಕ್ಕಿ ಬಿತ್ತು ಅಂತ ಲೆಕ್ಕ. ಹಳೇ ಟಿವಿಯ ಗಾಜಿನ ಪರದೆ ಆ ಕ್ಷಣದಲ್ಲೇ ಬೆಳಗುತ್ತಿತ್ತು. ಹೊಸ ಟಿವಿ ಚಿತ್ರವನ್ನ ತಿದ್ದಿ ತೀಡಿ ತೋರಿಸೋಕೆ ಕಣ್ಣಿಗೆ ಕಾಣದಷ್ಟು ತಡ ಮಾಡುತ್ತೆ. ಅಷ್ಟರಲ್ಲಿ ಗನ್ನು ನೋಡಿ ಮುಗಿಸಿರುತ್ತೆ. ಇದನ್ನ ಅವನಿಗೆ ಹೇಳೋಣ ಅಂತ ಬಾಯಿ ತೆರೆದೆ. ಅವನು ಕೇಳೋ ಸ್ಥಿತಿಯಲ್ಲಿರಲಿಲ್ಲ. ಟಿವಿಗೆ ಗನ್ನು ತಾಗಿಸಿಕೊಂಡೇ ಹೊಡೀತಿದ್ದ, ಬಾಗಿಲಲ್ಲಿ ಪಕ್ಕದ ಮನೆಯ ಇಬ್ಬರು ಹುಡುಗರು ಆಗಲೇ ಬಂದು ನಿಂತು ನನಗೊಂದ್ಸಲ ಕೊಡೋ ಅಂತಿದ್ದರು. ಹಕ್ಕಿ ಹಾರಿಹೋಯ್ತು. ಪೊದೆಯಿಂದ ನಾಯಿ ಎದ್ದು ನಕ್ಕಿತು.